ಎರಡು ಆಫರ್, ಎರಡು ರಾಜ್ಯ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನಗೆ ಬಂದಿರುವ ಎರಡು ಕೆಲಸದ ಆಫರಿನ ವಾರ್ಷಿಕ ಸಂಬಳ ನೋಡಿದೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1,30,000 ಡಾಲರ್, ಟೆಕ್ಸಾಸಿನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ 1,05,000. ಎರಡನ್ನೂ ರೂಪಾಯಿಗೆ ಗುಣಿಸಿ ನೋಡಬೇಡ. ಸಂಬಳ ಡಾಲರಿನಲ್ಲಿ ಬಂದಂತೆ ಬಾಡಿಗೆ, ದಿನಸಿಯೂ ಡಾಲರಿನಲ್ಲೇ ಹೋಗುತ್ತವೆ. ಕೈಯಲ್ಲಿ ಉಳಿಯುವುದೆಷ್ಟು ಎಂಬುದೊಂದನ್ನೇ ಲೆಕ್ಕ ಹಾಕೋಣ.

ಸಂಬಳದ ಅಂತರ 25,000. ನೀನು ಎಚ್1ಬಿ ಎಂಬ ಕೆಲಸದ ವೀಸಾದಲ್ಲಿರುವವಳು, ಒಂಟಿ. 2025ರ ದರದಲ್ಲಿ ಈ ಹೆಚ್ಚುವರಿ ಹಣದ ಮೇಲೆ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ಶೇ. 22 ಮತ್ತು 24ರ ಹಂತಗಳಲ್ಲಿ ಬೀಳುತ್ತದೆ, ಅಂದರೆ ಸುಮಾರು 5,700. ಪಿಂಚಣಿಗೆಂದು ಹಿಡಿಯುವ ಸೋಷಿಯಲ್ ಸೆಕ್ಯುರಿಟಿ, ಹಿರಿಯರ ಆರೋಗ್ಯ ವಿಮೆಯ ಮೆಡಿಕೇರ್ ಸೇರಿ ಶೇ. 7.65, ಅದು 1,900. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಕ್ಯಾಲಿಫೋರ್ನಿಯಾ ಮಾತ್ರ ಪೂರ್ತಿ 1,30,000ದ ಮೇಲೆ ಲೆಕ್ಕ ಹಾಕುತ್ತದೆ: ಆದಾಯ ತೆರಿಗೆ 8,000ದ ಹತ್ತಿರ, ಎಸ್‌ಡಿಐ ಎಂಬ ವಿಮಾ ಕಡಿತ ಇನ್ನೊಂದು 1,500. ಅಲ್ಲಿಗೆ 25,000ದಲ್ಲಿ ಉಳಿದದ್ದು 7,900.

ಇನ್ನು ಬಾಡಿಗೆ. ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ ಸ್ಯಾನ್ ಹೋಸೆಯಲ್ಲಿ 2,700, ಪ್ಲೇನೋದಲ್ಲಿ 1,500 ಎಂದಿಟ್ಟುಕೋ. ವರ್ಷಕ್ಕೆ 14,400 ಅಂತರ. ಪ್ಲೇನೋ 6,500 ಮುಂದೆ. ಆದರೆ ಎರಡೂ ಕಡೆ ಒಬ್ಬಳು ಗೆಳತಿಯ ಜೊತೆ ಎರಡು ಬೆಡ್‌ರೂಮಿನ ಮನೆ ಹಿಡಿದರೆ ನಿನ್ನ ಪಾಲು 1,700 ಮತ್ತು 1,000 ಆಗಿ, ಎರಡು ಆಫರೂ ಹೆಚ್ಚುಕಡಿಮೆ ಸಮನಾಗುತ್ತವೆ. ಸ್ಯಾನ್ ಹೋಸೆಯಲ್ಲಿ ಮನೆ ಹಂಚಿಕೊಂಡು, ಪ್ಲೇನೋದಲ್ಲಾದರೆ ಒಬ್ಬಳೇ ಇರುವುದಾದರೆ ಸ್ಯಾನ್ ಹೋಸೆಯೇ 5,500 ಮುಂದೆ. ನೋಡಿದೆಯಾ, ರಾಜ್ಯಕ್ಕಿಂತ ರೂಂಮೇಟ್ ದೊಡ್ಡ ಲೆಕ್ಕ.

ರಾಜ್ಯದ ಸರಾಸರಿ ನಂಬಬೇಡ ಎನ್ನುವುದೂ ಇದಕ್ಕೇ. ದೇಶದ ಬೆಲೆಮಟ್ಟ 100 ಎಂದರೆ ಕ್ಯಾಲಿಫೋರ್ನಿಯಾ ಸುಮಾರು 112, ಟೆಕ್ಸಾಸ್ 97, ಮಿಸಿಸಿಪ್ಪಿ 87. ಆದರೆ ಆ 112ರೊಳಗೆ ದುಬಾರಿ ಸ್ಯಾನ್ ಹೋಸೆಯೂ ಇದೆ, ಅದಕ್ಕಿಂತ ಅಗ್ಗದ ಊರಾದ ಫ್ರೆಸ್ನೋವೂ ಇದೆ.

ಬಾಡಿಗೆ ಜಾಹೀರಾತಿನಲ್ಲಿ 'ಆರು ವಾರ ಉಚಿತ' ಎಂದಿದ್ದರೆ ಅವರು ತೋರಿಸುವ ಮೊತ್ತ ಆ ರಿಯಾಯಿತಿ ಕಳೆದದ್ದಾಗಿರಬಹುದು. ಮುಂದಿನ ವರ್ಷದ ಏರಿಕೆ ಮೂಲ ಬಾಡಿಗೆಯ ಮೇಲೆ ಬರುತ್ತದೆ. ಲೀಸ್‌ನಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ಬರೆದಿರುವ ಮೂಲ ಮೊತ್ತವನ್ನೇ ಕೇಳು. ಪಾರ್ಕಿಂಗ್, ಕಸ, ಕೀಟನಾಶಕದ ಶುಲ್ಕ ಬೇರೆ ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 15 ವರ್ಷ ದಾಟಿದ ಅಪಾರ್ಟ್‌ಮೆಂಟುಗಳಿಗೆ ವರ್ಷದ ಏರಿಕೆ ಶೇ. 5 ಮತ್ತು ಹಣದುಬ್ಬರ ಸೇರಿ, ಹೆಚ್ಚೆಂದರೆ 10. ಟೆಕ್ಸಾಸ್‌ನಲ್ಲಿ ಅಂಥ ಮಿತಿ ಇಲ್ಲ.

ಕಾರ್ ವಿಮೆಯನ್ನು ಹಲವರು ಮರೆಯುತ್ತಾರೆ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಪ್ರೀಮಿಯಂ ಜಾಸ್ತಿ. ಟೆಕ್ಸಾಸ್‌ನಲ್ಲಿ ವಿಮಾ ಕಂಪನಿಗಳು ಕ್ರೆಡಿಟ್ ಇತಿಹಾಸವನ್ನೂ, ಅಂದರೆ ಸಾಲ ತೀರಿಸಿದ ದಾಖಲೆಯನ್ನೂ, ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ನಿಷೇಧವಿದೆ. ನಿನ್ನ ಕ್ರೆಡಿಟ್ ಇನ್ನೂ ಎಳೆಯದು, ಅದನ್ನು ಮನಸ್ಸಿನಲ್ಲಿಡು.

ಕರೆಂಟು ಉಲ್ಟಾ: ಕ್ಯಾಲಿಫೋರ್ನಿಯಾದ ಯೂನಿಟ್ ದರ ಟೆಕ್ಸಾಸಿನ ದುಪ್ಪಟ್ಟು. ಆದರೆ ಡಲ್ಲಾಸಿನ ಬೇಸಿಗೆಯಲ್ಲಿ ಏಸಿ ಹಗಲೂ ರಾತ್ರಿ ಓಡುತ್ತದೆ. ಅಲ್ಲಿ ಕರೆಂಟು ಕಂಪನಿ ಆರಿಸುವಾಗ ತಿಂಗಳಿಗೆ 1,000 ಯೂನಿಟ್ ದಾಟಿದರಷ್ಟೇ ರಿಯಾಯಿತಿ ಕೊಡುವ ಪ್ಲಾನ್ ಬೇಡ. ಸಣ್ಣ ಮನೆಯಲ್ಲಿ ಚಳಿಗಾಲಕ್ಕೆ 500 ಯೂನಿಟ್ ಬಳಸಿದರೆ ದರ ಏರಿಬಿಡುತ್ತದೆ. 500 ಯೂನಿಟ್‌ನ ದರವನ್ನೂ ಓದು.

ಮಾರಾಟ ತೆರಿಗೆಗೆ ತಲೆಕೆಡಿಸಿಕೊಳ್ಳಬೇಡ. ಪ್ಲೇನೋದಲ್ಲಿ ಶೇ. 8.25, ಸ್ಯಾನ್ ಹೋಸೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಕ್ಕಿ, ಬೇಳೆ, ತರಕಾರಿಗೆ ಎರಡೂ ಕಡೆ ಇಲ್ಲ.

ಮುಂದೆ ಮನೆ ಕೊಳ್ಳುವ ಯೋಚನೆಯಿದ್ದರೆ ಟೆಕ್ಸಾಸಿನ ಆಸ್ತಿ ತೆರಿಗೆ ನೆನಪಿರಲಿ. ಆದಾಯ ತೆರಿಗೆ ಬಿಟ್ಟ ರಾಜ್ಯದಲ್ಲಿ ಶಾಲೆ, ಕೌಂಟಿ (ಜಿಲ್ಲಾಡಳಿತ) ನಡೆಯುವುದು ಬಹುಪಾಲು ಇದರಿಂದ: ವರ್ಷಕ್ಕೆ ಮನೆಬೆಲೆಯ ಶೇ. 1.5ರಿಂದ 2. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 13 ಎಂಬ ಕಾನೂನಿನಂತೆ ಮೂಲ ದರ ಶೇ. 1, ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದರೆ ಅಲ್ಲಿ ಮನೆಯ ಬೆಲೆಯೇ ಬಹಳ ಹೆಚ್ಚು.

ಸೋಮವಾರದೊಳಗೆ ಎರಡೂ ಜಿಪ್ ಕೋಡ್ ಹಾಕಿ ಕಾರ್ ವಿಮೆಯ ಕೊಟೇಶನ್ ತೆಗೆದುಕೋ. ಗೆಳತಿ ಜೊತೆಗಿರುತ್ತಾಳಾ ಎಂದೂ ಖಚಿತಪಡಿಸಿಕೋ. ಆ ಎರಡೂ ಉತ್ತರ ಕಳಿಸು, ಲೆಕ್ಕದ ಕೊನೆಯ ಸಾಲು ನಾನು ತುಂಬಿ ಕೊಡುತ್ತೇನೆ.

ಅಮ್ಮ