ಕರೆಂಟ್ ಬಂತಾ?

ಎಲ್ಲರಿಗೂ ನಮಸ್ಕಾರ.

ಈ ಸಲ ಯುಗಾದಿ ಕಾರ್ಯಕ್ರಮದ ಬಗ್ಗೆ ಬರೆಯಬೇಕು ಅಂತಿದ್ದೆ. ಅದರ ವಿವರ ಒಳಪುಟದಲ್ಲಿದೆ, ನೋಡಿಕೊಳ್ಳಿ. ಆದರೆ ಎರಡು ವಾರದಿಂದ ನನ್ನ ಮನಸ್ಸು ತುಂಬಾ, ಚಂಡಮಾರುತಕ್ಕೆ ಸಿಕ್ಕ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಕಡೆಯ ನಮ್ಮವರೇ ಇದ್ದಾರೆ.

ಸಿಡ್ನಿಯಲ್ಲಿ ಕೂತು ನಾವು ನೋಡಿದ್ದು ಬರೀ ನಕ್ಷೆ. 2025ರ ಫೆಬ್ರವರಿ ಕೊನೆಯಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ಹುಟ್ಟಿದ ಆಲ್ಫ್ರೆಡ್ ಚಂಡಮಾರುತ ಐದರಲ್ಲಿ ನಾಲ್ಕನೇ ದರ್ಜೆಗೆ ಏರಿತು, ದಕ್ಷಿಣಕ್ಕೆ ಇಳಿಯುತ್ತಾ ಸ್ವಲ್ಪ ಸೊರಗಿತು, ಇನ್ನೇನು ಸಮುದ್ರದ ಮೇಲೇ ಹೋಗಿಬಿಡುತ್ತೆ ಅನ್ನುವಾಗ ಪಶ್ಚಿಮಕ್ಕೆ ತಿರುಗಿ ನೇರ ಬ್ರಿಸ್ಬೇನ್ ಕಡೆ ಮುಖ ಮಾಡಿತು. ಆ ಊರಿನ ಹತ್ತಿರ ಇಂಥದ್ದೊಂದು ಬಂದು ಐವತ್ತು ವರ್ಷ ಆಗಿತ್ತು. ಹಿಂದಿನದು 1974ರಲ್ಲಿ. ಶಾಲೆ ಮುಚ್ಚಿದರು, ಬಸ್ಸು ರೈಲು ನಿಲ್ಲಿಸಿದರು, ಜನ ಮರಳಿನ ಚೀಲಕ್ಕೆ ಗಂಟೆಗಟ್ಟಲೆ ಸಾಲು ನಿಂತರು. ಗುರುವಾರ ರಾತ್ರಿ ಬರುತ್ತೆ ಅಂದರು. ಆಮೇಲೆ ಶುಕ್ರವಾರ ಅಂದರು. ಕೊನೆಗೆ ಮಾರ್ಚ್ 8ರ ಶನಿವಾರ ನೆಲ ಮುಟ್ಟುವ ಹೊತ್ತಿಗೆ ಅದು ಚಂಡಮಾರುತವಾಗಿ ಉಳಿದಿರಲಿಲ್ಲ, ಬರೀ ವಾಯುಭಾರ ಕುಸಿತ ಆಗಿತ್ತು.

ಅಬ್ಬಾ, ಏನೂ ಆಗಲಿಲ್ಲ ಅಂತ ನಾವೆಲ್ಲ ಉಸಿರು ಬಿಟ್ಟೆವು. ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸುರಿಮಳೆ. ಅಲ್ಲಿಗೆ ನಮ್ಮ ಮಟ್ಟಿಗೆ ವಿಷಯ ಮುಗಿಯಿತು. ಆದರೆ ಅದೇ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಲ್ಲಿ ಕರೆಂಟ್ ಇರಲಿಲ್ಲ. ಗೋಲ್ಡ್ ಕೋಸ್ಟ್‌ನ ಕಡಲತೀರದ ಮರಳು ಕೊಚ್ಚಿಹೋಗಿ, ಜನ ನಡೆದಾಡುತ್ತಿದ್ದ ಜಾಗದಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಇತ್ತ ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರದಲ್ಲಿ ನದಿಗಳು ಉಕ್ಕಿ, ಡೊರಿಗೊ ಊರಿನ ಹತ್ತಿರ ಸೇತುವೆ ದಾಟುತ್ತಿದ್ದ ಒಬ್ಬರ ವಾಹನ ಕೊಚ್ಚಿಹೋಗಿ, ಅವರು ತೀರಿಕೊಂಡರು.

ಗೋಲ್ಡ್ ಕೋಸ್ಟ್‌ನಲ್ಲಿ ನನಗೆ ತಂಗಿಯಂಥ ಒಬ್ಬ ಗೆಳತಿ ಇದ್ದಾಳೆ. ಶುಕ್ರವಾರ ಮೆಸೇಜ್ ಮಾಡಿದ್ದೆ, ಎಲ್ಲ ಸೇಫ್ ಅಂದಿದ್ದಳು. ಆಮೇಲೆ ನಾನು ಫೋನ್ ಮಾಡಿದ್ದು ಮಂಗಳವಾರ. ಮತ್ತೆ ಕೇಳಿದೆ, ಸೇಫ್ ತಾನೆ? ಹೂಂ ಅಕ್ಕಾ, ಸೇಫ್ ಅಂದಳು. ಇಡುವ ಮುಂಚೆ ಸುಮ್ನೆ ಕೇಳಿದೆ, ಕರೆಂಟ್ ಬಂತಾ? ಒಂದು ಕ್ಷಣ ಮಾತಿಲ್ಲ. "ಇರಿ ಅಕ್ಕಾ, ಕಾರಿನಲ್ಲಿ ಕೂತ್ಕೋತೀನಿ, ಫೋನ್ ಚಾರ್ಜಿಗೆ ಹಾಕ್ಬೇಕು" ಅಂದಳು. ಮುಕ್ಕಾಲು ಗಂಟೆ ಮಾತಾಡಿದೆವು.

ಶುಕ್ರವಾರ ರಾತ್ರಿಯಿಂದ ಕತ್ತಲು. ಗಂಡ ಕೆಲಸದ ಮೇಲೆ ಪರ್ತ್‌ನಲ್ಲಿ, ವಿಮಾನ ಸಿಕ್ಕಿಲ್ಲ. ಮನೆಯಲ್ಲಿ ಮೂರು ವರ್ಷದ ಮಗು, ಹಾಸನದಿಂದ ಬಂದಿರುವ ಅತ್ತೆ. ಅತ್ತೆಗೆ ಇನ್ಸುಲಿನ್ ಬೇಕು, ಅದನ್ನು ತಂಪಾಗಿ ಇಡಬೇಕು, ಅದಕ್ಕೆ ದಿನಾ ಬೆಳಗ್ಗೆ ಮಗುವನ್ನೂ ಕೂರಿಸಿಕೊಂಡು ಐಸ್ ಹುಡುಕಿಕೊಂಡು ಹೋಗಬೇಕು, ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ. ಒಲೆಯೂ ಕರೆಂಟಿನದೇ. ಎದುರು ಮನೆಯ ಅಜ್ಜ ತಮ್ಮ ಗ್ಯಾಸ್ ಬಾರ್ಬೆಕ್ಯೂ ಮೇಲೆ ಎರಡು ಹೊತ್ತು ಹಾಲು ಕಾಯಿಸಿ ಕೊಟ್ಟರಂತೆ. ಫ್ರೀಜರಿನ ತೆಂಗಿನತುರಿ, ನುಗ್ಗೆಕಾಯಿ, ಬಟಾಣಿ ಎಲ್ಲ ಕರಗಿ ನೀರು ಅಡುಗೆಮನೆಗೆಲ್ಲ ಹರಿದಿತ್ತು. ಅತ್ತೆ ರುಬ್ಬಿಟ್ಟಿದ್ದ ಎರಡು ಡಬ್ಬಿ ದೋಸೆಹಿಟ್ಟು ಉಕ್ಕಿ, ಹುಳಿ ಮೀರಿ, ವಾಸನೆ ಬಂದು ಭಾನುವಾರ ಹೊರಗೆ ಚೆಲ್ಲಿದರಂತೆ. ಅನ್ನ ಚೆಲ್ಲಿದ ಹಾಗೆ ಆಯ್ತು ಅಂತ ಅತ್ತೆ ಅವತ್ತು ಊಟ ಮಾಡಲಿಲ್ಲ.

"ಶುಕ್ರವಾರ ರಾತ್ರಿ ಫೋನ್ ಮೇಲೆ ಫೋನ್ ಅಕ್ಕಾ, ಊರಿಂದ, ಸಿಡ್ನಿಯಿಂದ, ಮೆಲ್ಬೋರ್ನಿಂದ. ಅರ್ಧ ಬ್ಯಾಟರಿ ಅದಕ್ಕೇ ಹೋಯ್ತು. ಭಾನುವಾರದಿಂದ ಯಾರೂ ಇಲ್ಲ."

ಬೇಜಾರಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ನನಗೆ ಮಾತ್ರ ಅವತ್ತು ನಿದ್ದೆ ಬರಲಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋದಾಗಲೂ ನಾನು ಹೀಗೇ ಮಾಡಿದ್ದೆ. ಮಲ್ಪೆಯ ಬಂಧುಗಳಿಗೆ ಒಂದೇ ದಿನ ನಾಲ್ಕು ಸಲ ಫೋನ್, ಆಮೇಲೆ ತಿಂಗಳುಗಟ್ಟಲೆ ಇಲ್ಲ. ಹಾರಿಹೋದ ಹೆಂಚು ಯಾವಾಗ ಹೊದಿಸಿದರು ಅಂತ ಇವತ್ತಿಗೂ ಕೇಳಿಲ್ಲ.

ಗಾಳಿ ಬೀಸುತ್ತಿರುವಾಗ ಫೋನ್ ಮಾಡಬೇಡಿ, ಒಂದು ಸಾಲು ಬರೆದು ಕಳಿಸಿ, ಉತ್ತರಕ್ಕೆ ಕಾಯಬೇಡಿ. ಕರೆಂಟ್ ಹೋದರೆ ಮನೆಯ ಇಂಟರ್ನೆಟ್ ಹೋಗುತ್ತೆ, ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಮುಗಿಯುತ್ತೆ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೆಟ್ಟದ್ದೇ ಆಗಿದೆ ಅಂತಲ್ಲ, ಊರಿನಲ್ಲಿರುವ ಅಪ್ಪ ಅಮ್ಮನಿಗೂ ಇದನ್ನು ಮೊದಲೇ ಹೇಳಿಡಿ. ಮಾತಾಡುವ ಫೋನ್ ಮೂರನೇ ದಿನ ಮಾಡಿ. ಐದನೇ ದಿನ ಮತ್ತೆ ಮಾಡಿ. ಸೇಫಾ ಅಂತ ಕೇಳಿದರೆ ನಮ್ಮ ಜನ ಹೂಂ ಅಂತಲೇ ಅನ್ನುತ್ತಾರೆ, ಇನ್ನೊಬ್ಬರಿಗೆ ತೊಂದರೆ ಯಾಕೆ ಅಂತ. ಇವತ್ತು ಏನು ಅಡುಗೆ, ಮಾತ್ರೆ ಇದೆಯಾ, ರಾತ್ರಿ ಸೆಖೆಗೆ ಮಗು ಮಲಗ್ತಾ ಅಂತ ಕೇಳಿ.

ಯಾರಾದರೂ ಜನರೇಟರ್ ತಂದಿದ್ದೇವೆ ಅಂದರೆ, ಎಲ್ಲಿಟ್ಟಿದ್ದೀರಿ ಅಂತ ತಪ್ಪದೆ ಕೇಳಿ. 2011ರಲ್ಲಿ ಐದನೇ ದರ್ಜೆಯ ಯಾಸಿ ಚಂಡಮಾರುತ ಉತ್ತರ ಕ್ವೀನ್ಸ್‌ಲ್ಯಾಂಡಿಗೆ ಬಡಿದಾಗ ಒಬ್ಬ ಯುವಕ ಸತ್ತಿದ್ದು ಗಾಳಿಯಿಂದಲ್ಲ, ಮುಚ್ಚಿದ ಕೋಣೆಯಲ್ಲಿ ಓಡಿಸಿದ ಜನರೇಟರ್ ಹೊಗೆಯಿಂದ. ಅದು ಯಾವಾಗಲೂ ಮನೆಯ ಹೊರಗೇ ಇರಬೇಕು, ಗ್ಯಾರೇಜಿನಲ್ಲೂ ಬೇಡ.

ಕ್ವೀನ್ಸ್‌ಲ್ಯಾಂಡ್‌ನಲ್ಲೋ ನಮ್ಮ ರಾಜ್ಯದ ಉತ್ತರದ ಲಿಸ್ಮೋರ್ ಕಡೆಯಲ್ಲೋ ನಿಮಗೆ ಪರಿಚಯದವರು ಇದ್ದರೆ, ಅದರಲ್ಲೂ ಹೊಸದಾಗಿ ಬಂದ ವಿದ್ಯಾರ್ಥಿಗಳು, ಒಂಟಿಯಾಗಿರುವ ಹಿರಿಯರು ಇದ್ದರೆ, ಅವರನ್ನು ಕೇಳಿ ನಮಗೆ ತಿಳಿಸಿ. ಸಂಘದಿಂದ ನಾಲ್ಕು ಜನ ಫೋನ್ ಮಾಡಲು ಕೂತಿದ್ದೇವೆ. ಈಗ ತಡವಾಯಿತು ಅಂದುಕೊಳ್ಳಬೇಡಿ. ವಿಮೆಯ ಕಾಗದ, ಒದ್ದೆ ಗೋಡೆ, ಬೂಸ್ಟು ಹಿಡಿದ ಹಾಸಿಗೆ, ಇದೆಲ್ಲ ಈಗ ಶುರು.

ನನ್ನ ಗೆಳತಿಯ ಮೆಸೇಜ್ ಬುಧವಾರ ಸಂಜೆ ಬಂತು. "ಅಕ್ಕಾ, ಕರೆಂಟ್ ಬಂತು. ಅತ್ತೆ ಆಗಲೇ ಅಕ್ಕಿ ನೆನೆಹಾಕಿದ್ದಾರೆ."