ಹಕಾರ ಬಿದ್ದುಹೋದ ದಿನ

ಗೆಳೆಯಾ,

ಮೊದಲು ಕೊಡೆ ವಿಷಯ. ಅದು ನನ್ನ ಹತ್ತಿರವೇ ಇದೆ. ಅದಕ್ಕೆ ಏನಾಯಿತು ಅಂತ ಇಲ್ಲಿ ಹೇಳಲ್ಲ, ನಾಲ್ಕು ಜನ ಓದುತ್ತಾರೆ.

ಈ ಪತ್ರ ಶುರು ಮಾಡಿ ಬಿಟ್ಟು, ಶುರು ಮಾಡಿ ಬಿಟ್ಟು, ಎರಡು ವಾರ ಆಯಿತು. ಸುಮ್ನೆ ಒಂದು ಫೋನ್ ಮಾಡಬಾರದಾ ಅಂತ ನೀನು ಕೇಳುತ್ತೀಯ. ಆಗುವುದಿಲ್ಲ ಕಣೋ. ಯಾಕೆ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ.

ಕಿವಿ ಪರೀಕ್ಷೆ ಮಾಡಿಸಿದ್ದು ನಿನಗೆ ಗೊತ್ತು. ಆ ಹಾಳೆಯನ್ನು ಮಾತ್ರ ನಿನಗೆ ತೋರಿಸಿಲ್ಲ. ಆಡಿಯೋಗ್ರಾಮ್ ಅನ್ನುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಮಾರ್ಕು. ಸದ್ದು ಎಷ್ಟು ಕೀಚಲು ಅನ್ನುವುದನ್ನು ಹರ್ಟ್ಸ್‌ನಲ್ಲಿ, ಎಷ್ಟು ಜೋರು ಅನ್ನುವುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ನನ್ನ ಗೆರೆ 1000 ಹರ್ಟ್ಸ್‌ವರೆಗೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. 2000ಕ್ಕೆ ಬಗ್ಗುತ್ತದೆ. 4000ಕ್ಕೆ ಹೋಗುವಷ್ಟರಲ್ಲಿ 70 ಡೆಸಿಬೆಲ್‌ಗೆ ಇಳಿದಿದೆ, ಅಂದರೆ ಅಷ್ಟು ಜೋರಿದ್ದರೆ ಮಾತ್ರ ಆ ಸದ್ದು ನನಗೆ ಕೇಳುತ್ತದೆ. ನಾವಿಬ್ಬರು ಎದುರುಬದುರು ಕೂತು ಆಡುವ ಮಾತು ಸುಮಾರು 60 ಇರುತ್ತದೆ. ಲೆಕ್ಕ ನೀನೇ ಹಾಕು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೀಚಲು ಸದ್ದು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇರುತ್ತವೆ. ಹೆಚ್ಚಾಗಿ ಅವೇ ಮೊದಲು ಹೋಗುತ್ತವೆ.

ಇದರಿಂದ ಕವಿತೆಗೆ ಏನಾಗುತ್ತದೆ ಗೊತ್ತಾ? ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಹೋಗುತ್ತವೆ. ಸ, ಶ, ತ, ಕ, ಪ. ಹ ಅಂತೂ ಬರೀ ಉಸಿರು, ನಿಲ್ಲುವುದೇ ಇಲ್ಲ. ಯಾರಾದರೂ ಕಾಡು, ಹಾಡು, ಪಾಡು ಅಂತ ಪ್ರಾಸ ಕೂರಿಸಿ ಓದಿದರೆ ನನಗೆ ಆಡು, ಆಡು, ಆಡು. ಬಾಯಿ ನೋಡಿ ಹಿಡಿಯೋಣ ಅಂದರೆ ಪಾಡು, ಬಾಡು, ಮಾಡು ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಹ ತುಟಿವರೆಗೆ ಬರುವುದೇ ಇಲ್ಲ.

ಲಯ ಮಾತ್ರ ಎಲ್ಲೂ ಹೋಗಿಲ್ಲ. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯನ್ನು ಬೆರಳಿನಿಂದ ಮೇಜಿನ ಮೇಲೆ ಬಡಿದರೆ ಅದು ಮಣಿಕಟ್ಟಿನವರೆಗೂ ಹತ್ತಿ ಬರುತ್ತದೆ. ಈಗ ಬರೆಯುವುದೆಲ್ಲ ಹಾಗೆಯೇ, ಬಡಿದು ಬಡಿದು. ಇದು ನನಗೆ ಎಷ್ಟು ದೊಡ್ಡ ಸಮಾಧಾನ ಅಂತ ನಿನಗೆ ಮಾತ್ರ ಹೇಳಬಲ್ಲೆ.

ವಳ್ಳತ್ತೋಳ್ ನಾರಾಯಣ ಮೆನನ್ ನೆನಪಾಗುತ್ತಾರೆ. 1878ರಲ್ಲಿ ಹುಟ್ಟಿದ ಮಲಯಾಳದ ಕವಿ. ಮೂವತ್ತರ ಆಸುಪಾಸಿನಲ್ಲೇ ಅವರಿಗೆ ಕಿವಿ ಹೋಯಿತು. ಆ ಸಂಕಟವನ್ನೇ ಕವಿತೆಯಾಗಿ ಬರೆದರು. ಆಮೇಲೆ ಕಥಕಳಿಗಾಗಿ ಲಾಟರಿ ನಡೆಸಿ ದುಡ್ಡು ಕೂಡಿಸಿ, 1930ರಲ್ಲಿ ಕಲಾಮಂಡಲಂ ಅನ್ನುವ ಕಲಾಶಾಲೆ ಕಟ್ಟಿದವರಲ್ಲಿ ಅವರೇ ಮುಖ್ಯರು. ಚೆಂಡೆ ಮದ್ದಳೆಯ ಆಟಕ್ಕಾಗಿ ಕಿವಿ ಕೇಳದ ಮನುಷ್ಯ ಅಷ್ಟು ಓಡಾಡಿದರು. ಮೊದಲೆಲ್ಲ ನನಗೆ ಆ ಓಡಾಟವೇ ದೊಡ್ಡದಾಗಿ ಕಾಣುತ್ತಿತ್ತು. ಈಗ ಆ ಕವಿತೆ ಜಾಸ್ತಿ ಕಾಡುತ್ತದೆ. ಅವರು ಮುಚ್ಚಿಡಲಿಲ್ಲ. ನಾನು ಮುಚ್ಚಿಟ್ಟೆ.

ಕಳೆದ ವರ್ಷದ ಆ ಕವಿಗೋಷ್ಠಿ. ಮುಗಿದ ಮೇಲೆ ಸಭಾಂಗಣದ ತುಂಬ ಗದ್ದಲ. ನೀನು ಜನರನ್ನು ಸರಿಸಿಕೊಂಡು ಬಂದು ನನ್ನ ಕೈ ಹಿಡಿದೆ. "ಅಮ್ಮ ಹೋದ್ರು ಕಣೋ. ಹದಿನೈದು ದಿನ ಆಯ್ತು" ಅಂದೆ. ನನಗೆ ಕೇಳಿಸಿದ್ದು "ಅಮ್ಮ ಓದಿದ್ರು ಕಣೋ." ಹಿಂದಿನ ತಿಂಗಳಷ್ಟೇ ಅವರಿಗೆ ಅಂತ ನನ್ನ ಪುಸ್ತಕ ಕಳಿಸಿದ್ದೆನಲ್ಲ. "ಹೌದಾ! ತುಂಬಾ ಖುಷಿ ಆಯ್ತು. ಏನಂದ್ರು?" ಅಂತ ಕೇಳಿದೆ.

ನೀನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದೆ. ಹೆಗಲು ತಟ್ಟಿ ಹೊರಟುಹೋದೆ. ಮೂರು ದಿನದ ಮೇಲೆ ಬೇರೆಯವರ ಮೆಸೇಜಿನಿಂದ ನನಗೆ ನಿಜ ತಿಳಿಯಿತು.

ಆಮೇಲೆ ನಿನ್ನ ಮನೆಗೆ ಬಂದೆ, ಪಕ್ಕದಲ್ಲಿ ಕೂತೆ. ಆ ಸಂಜೆಯ ಬಗ್ಗೆ ಬಾಯಿ ಬಿಡಲಿಲ್ಲ. ನೀನೂ ಕೇಳಲಿಲ್ಲ. ಪಾಪ, ಇವನಿಗೆ ಕೇಳಿಸಿಲ್ಲ ಅಂತ ನೀನೇ ಅರ್ಥ ಮಾಡಿಕೊಂಡಿರುತ್ತೀಯ ಅಂದುಕೊಂಡೆ. ಆದರೆ ಪೂರ್ತಿ ವಿಷಯ ನಿನಗೆ ಗೊತ್ತಿಲ್ಲ. ಆ ದಿನ ಕಿವಿಯ ಮಿಷನ್ ನನ್ನ ಜೇಬಿನಲ್ಲಿತ್ತು. ವೇದಿಕೆ ಹತ್ತುವ ಮುಂಚೆ ನಾನೇ ತೆಗೆದಿಟ್ಟಿದ್ದೆ, ಫೋಟೋದಲ್ಲಿ ಕಾಣಬಾರದು ಅಂತ. ಅಷ್ಟು ಗದ್ದಲದಲ್ಲಿ ಮಿಷನ್ ಇದ್ದರೂ ಕೇಳಿಸುತ್ತಿತ್ತು ಅನ್ನಲಾರೆ. ಅದು ಗದ್ದಲವನ್ನೂ ಜೋರು ಮಾಡುತ್ತದೆ. ಆದರೂ ಅದು ಜೇಬಿನಲ್ಲಿತ್ತು.

ಅದಕ್ಕೂ ಮುಂಚೆ ನೀನು ಎರಡು ಸಲ ಫೋನ್ ಮಾಡಿದ್ದೆ. ಅಂಥ ಸುದ್ದಿಯನ್ನು ಮೆಸೇಜಿನಲ್ಲಿ ಹೇಳುವವನಲ್ಲ ನೀನು. ನಾನು ಎತ್ತಲಿಲ್ಲ. ಮಾಮೂಲಿ ಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತದೆ. ನನಗೆ ಬೇಕಾದ ತುದಿಯೇ ಅಲ್ಲಿ ಇರುವುದಿಲ್ಲ, ನೋಡೋಣ ಅಂದರೆ ತುಟಿಯೂ ಇಲ್ಲ. ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಹೇಳಬಹುದಿತ್ತು. ಬ್ಯುಸಿ ಇದ್ದೀನಿ ಅಂತ ಬರೆದೆ.

ಇಷ್ಟೇ ಹೇಳಿ ಕ್ಷಮೆ ಕೇಳೋಣ ಅಂತ ಕೂತಿದ್ದೆ. ಆದರೆ ಈಚೆಗೆ ಇನ್ನೊಂದು ನಿದ್ದೆ ಕೆಡಿಸುತ್ತಿದೆ. ಡೇವಿಡ್ ರೈಟ್ ಅಂತ ಒಬ್ಬ ಕವಿ, ಏಳನೇ ವಯಸ್ಸಿಗೇ ಕಿವಿ ಕಳೆದುಕೊಂಡವರು. ಕಿವಿ ಹೋದ ಮೇಲೂ ಗೊತ್ತಿದ್ದವರ ತುಟಿ ಆಡಿದರೆ ಅವರಿಗೆ ದನಿ ಕೇಳಿಸುತ್ತಿತ್ತಂತೆ. ಮಾತಾಡುವವರು ಬಾಯಿಗೆ ಕೈ ಅಡ್ಡ ಹಿಡಿದಾಗ ದನಿ ಮಾಯ. ಅದು ಮನಸ್ಸು ತುಂಬಿಕೊಟ್ಟ ದನಿ ಅಂತ ಆಗ ತಿಳಿಯಿತು. ನನಗೂ ನಿನ್ನ ದನಿ ಪೂರ್ತಿ ಕೇಳಿಸುತ್ತದೆ, ಆ ಹಳೇ ನಗು ಸಮೇತ. ಅದರಲ್ಲಿ ನಿನ್ನದೆಷ್ಟು, ನಾನು ತುಂಬಿಕೊಂಡಿದ್ದೆಷ್ಟು? ತುಂಬುವಾಗ ನನಗೆ ಬೇಕಾದ್ದನ್ನೇ ತುಂಬಿಕೊಳ್ಳುತ್ತೇನೆ ಕಣೋ. ನೀನು ನಿನ್ನ ಅಮ್ಮನ ಸಾವು ಹೇಳುತ್ತಿದ್ದೆ. ನನಗೆ ಕೇಳಿಸಿದ್ದು ನನ್ನ ಪುಸ್ತಕ.

ಸಾಕು, ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ.

ನೀನು ಬಾ. ಬಂದರೆ ನನ್ನ ಬಲಕ್ಕೆ ಕೂರು, ಎಡಕ್ಕಿಂತ ಬಲಗಿವಿ ಸ್ವಲ್ಪ ವಾಸಿ. ಕಿಟಕಿಗೆ ಬೆನ್ನು ಹಾಕಬೇಡ, ಮುಖ ಕತ್ತಲಾದರೆ ತುಟಿ ಕಾಣಲ್ಲ. ಕಿರುಚಬೇಡ. ಕಿರುಚಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಇದ್ದಲ್ಲೇ ಇರುತ್ತದೆ. ಒಂದು ಸಲಕ್ಕೆ ತಿಳಿಯದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳು. ನಾನು ಬೇಗ ಬೇಗ ತಲೆ ಆಡಿಸಿದರೆ "ಏನಂದೆ, ಹೇಳು ನೋಡೋಣ" ಅಂತ ಕೇಳು. ಮಿಷನ್ ಹಾಕಿಕೊಂಡೇ ಕಾಯುತ್ತಿರುತ್ತೇನೆ. ಅಮ್ಮನ ವಿಷಯ ಮೊದಲಿನಿಂದ ಹೇಳು.

ಕೊಡೆ ಬಾಗಿಲ ಹಿಂದೆ ನೇತುಹಾಕಿದ್ದೇನೆ.

ನಿನ್ನ ಎಡಕ್ಕೆ ಕೂರುವವನು