ಸಿಟ್ಯಾಗ್ಸ್‌ನ ಸಂರಚನಾ ಕಡತ ಬರೆದುಕೊಟ್ಟ ನಿಮಗೆ

ಹೆಸರನ್ನೂ ಹೇಳದೆ ನೆರವಾದ ನಿಮಗೆ ಮನಸಾರೆ ವಂದನೆಗಳು. ನಮ್ಮ ಯಂತ್ರಗಳಲ್ಲಿರುವುದು 2009ರ ಎಕ್ಸುಬರೆಂಟ್ ಸಿಟ್ಯಾಗ್ಸ್ 5.8, ಅಂದರೆ ಪ್ರೋಗ್ರಾಮಿನ ಯಾವ ಹೆಸರಿನ ವ್ಯಾಖ್ಯೆ ಎಲ್ಲಿದೆ ಎಂದು ಪಟ್ಟಿ ಮಾಡುವ ತಂತ್ರಾಂಶ. ಅದಕ್ಕೆ ಲಿಸ್ಪ್ ಕುಟುಂಬದ ಪ್ರೋಗ್ರಾಮಿಂಗ್ ಭಾಷೆಯಾದ ಕ್ಲೋಜರ್‌ನ ಪರಿಚಯವೇ ಇಲ್ಲ. ನೀವು ಕೊಟ್ಟ ಸಾಲುಗಳು ಭಾಷೆಯನ್ನು ಘೋಷಿಸಿ, ಕಡತದ ವಿಸ್ತರಣೆಗೆ ಜೋಡಿಸಿ, ಫಂಕ್ಷನ್, ಮ್ಯಾಕ್ರೋಗಳನ್ನು ವ್ಯಾಖ್ಯಾನಿಸುವ ಡೆಫ್‌ಎನ್, ಡೆಫ್‌ಮ್ಯಾಕ್ರೋಗಳನ್ನು ಗುರುತಿಸುತ್ತವೆ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಲಿಸ್ಪ್ ಕುಟುಂಬದಲ್ಲಿ ಅಡ್ಡಗೆರೆ, ಪ್ರಶ್ನಾರ್ಥಕ, ಉದ್ಗಾರ ಚಿಹ್ನೆಗಳೂ ಹೆಸರಿನ ಭಾಗವೇ ಎಂಬುದನ್ನು ನೆನಪಿಟ್ಟು, ಹೆಸರನ್ನು ಇಡಿಯಾಗಿ ಹಿಡಿಯುವಂತೆ ರೆಜೆಕ್ಸ್ (ಪಠ್ಯದಲ್ಲಿ ಹುಡುಕಬೇಕಾದ ಮಾದರಿ) ಬರೆದಿರಿ. ವಿಮ್ ಸಂಪಾದಕದಲ್ಲಿ ಯಾವ ಅಕ್ಷರಗಳು ಪದದ ಭಾಗ ಎಂದು ಹೇಳುವ ‘ಐಎಸ್‌ಕೀವರ್ಡ್’ ಆಯ್ಕೆಯಲ್ಲೂ ಅವನ್ನು ಸೇರಿಸಲು ಹೇಳಿದಿರಿ, ಇಲ್ಲವಾದರೆ ಕರ್ಸರ್ ಕೆಳಗಿನ ಪದ ಅಡ್ಡಗೆರೆಯಲ್ಲೇ ತುಂಡಾಗುತ್ತಿತ್ತು. ಯಾರೂ ಕೇಳದಿದ್ದರೂ ಇಷ್ಟು ಮುಂದಾಲೋಚಿಸಿ ಹೇಳುವವರು ವಿರಳ. ಈಗ ಕಂಟ್ರೋಲ್ ಜೊತೆ ಬಲ ಚೌಕಾವರಣ ಒತ್ತಿದರೆ ಫಂಕ್ಷನ್ನಿನ ವ್ಯಾಖ್ಯೆ, ಕಂಟ್ರೋಲ್ ಟಿ ಒತ್ತಿದರೆ ಮರಳಿ ಮೊದಲಿದ್ದ ಜಾಗ. ತಂಡದ ಹೊಸಬರೂ ನಿಮ್ಮ ಕಡತವನ್ನೇ ಬಳಸುತ್ತಿದ್ದಾರೆ.